ಏಳು ಕಟ್ಟೆ ದಾಟಿದ ಹಲಸು

ಗೋಡೆಗೆ ಒರಗಿ ಸರಿಯಾಗಿ ಕೂತ್ಕೊಳ್ಳಿ ಮಕ್ಕಳೇ. ಆ ಕಡಲೆಪುರಿ ಬಟ್ಟಲನ್ನು ನಡುವೆ ಇಡಿ, ಇಲ್ಲದಿದ್ದರೆ ಕತೆಗಿಂತ ನಿಮ್ಮ ಜಗಳವೇ ಉದ್ದ ಆಗುತ್ತೆ.

ಕಡಲಗೆರೆ ಅಂತ ಒಂದು ರಾಜ್ಯ. ಚಿಕ್ಕಬೊಮ್ಮರಸ ಅಂತ ಅದರ ರಾಜ. ಅವನಿಗೆ ಒಬ್ಬಳೇ ಮಗಳು, ಪದುಮಲೆ. ಅವಳನ್ನು ಕಡಲಾಚೆಯ ದ್ವೀಪಕ್ಕೆ ಕೊಟ್ಟಿದ್ದ. ಈಗ ಅವಳು ಆರು ತಿಂಗಳ ಬಸುರಿ. ತವರಿನ ಹಲಸಿನ ಹಣ್ಣು ತಿನ್ನಬೇಕು ಅಂತ ಬಯಕೆ. ಆ ದ್ವೀಪದಲ್ಲಿ ತೆಂಗು ಬಿಟ್ಟರೆ ಇನ್ನೇನಿದೆ, ಮಣ್ಣು. ಬಸುರಿಯ ಬಯಕೆ ತೀರದಿದ್ದರೆ ಹುಟ್ಟೋ ಮಗುವಿಗೆ ಕಿವಿ ಸೋರುತ್ತೆ ಅಂತಾರಲ್ಲ, ರಾಜನಿಗೆ ಅನ್ನ ಇಳಿಯಲಿಲ್ಲ.

ಮೂರು ಸಲ ಹಣ್ಣು ಕಳಿಸಿದ. ಮೂರು ಸಲವೂ ದ್ವೀಪಕ್ಕೆ ಮುಟ್ಟಿದ್ದು ಹಣ್ಣಲ್ಲ, ನೊಣ.

ಯಾಕೆ ಅಂದರೆ, ಅರಮನೆಯಿಂದ ಬಂದರಿಗೆ ಎರಡೇ ದಿನದ ದಾರಿ, ಆದರೆ ನಡುವೆ ಏಳು ಸುಂಕದ ಕಟ್ಟೆ. ಒಂದೊಂದರಲ್ಲೂ ಹೇರು ಇಳಿಸಬೇಕು, ಬಿಚ್ಚಬೇಕು, ಬರೆಸಬೇಕು, ಮುದ್ರೆ ಒತ್ತಿಸಬೇಕು, ಮತ್ತೆ ಕಟ್ಟಬೇಕು. ಕಟ್ಟೆಗೆ ಎರಡು ದಿನ. ಮೊದಲನೆಯವರು ಹಲಸನ್ನು ತೂಗಿದರು. ಎರಡನೆಯವರು ಅದರ ಮುಳ್ಳು ಎಣಿಸಿದರು. ಮೂರನೆಯವರು ಎಣಿಸಿದಾಗ ಎರಡು ಮುಳ್ಳು ಕಡಿಮೆ ಬಂತು. "ಆ ಎರಡನ್ನ ಯಾರಿಗೆ ಕೊಟ್ಟೆ?" ಅಂತ ಎತ್ತಿನವನನ್ನು ಹಿಡಿದು ಕೂರಿಸಿದರು. ನಾಲ್ಕನೆಯವರು, ವಾಸನೆಯೂ ದಾಟುತ್ತಾ ಇದೆ, ಅದಕ್ಕೆ ಬೇರೆ ಓಲೆ ತಗೊಂಡು ಬಾ ಅಂದರು.

ಈ ಕಟ್ಟೆಗಳಿಗೆಲ್ಲ ಹೆಗ್ಗಡೆ ಪರಮಯ್ಯ. ಸಭೆಯಲ್ಲಿ ಮೀಸೆ ತೀಡುತ್ತಾ ಹೇಳಿದ, "ಪ್ರಭು, ನನ್ನ ಮುದ್ರೆ ಇಲ್ಲದೆ ಈ ದಾರಿಯಲ್ಲಿ ಇರುವೆಯೂ ಹೋಗಿಲ್ಲ. ತಪ್ಪು ಕಟ್ಟೆಯದ್ದಲ್ಲ, ಹಣ್ಣಿನದ್ದು. ಅದಕ್ಕೆ ತಾಳ್ಮೆ ಸಾಲದು."

ಪಕ್ಕದಲ್ಲಿದ್ದ ಮಾಬಲಯ್ಯ ಕಿಸಕ್ಕನೆ ನಕ್ಕ. ಅರಮನೆಯ ಸರಕನ್ನು ಹಡಗು ಹತ್ತಿಸಿ ಹೊರದೇಶಕ್ಕೆ ಮುಟ್ಟಿಸೋದು ಅವನ ಕೆಲಸ.

"ನಗೋನು ಮಾಡಿ ತೋರಿಸಲಿ" ಅಂದ ಪರಮಯ್ಯ. "ಇದೇ ದಾರಿಯಲ್ಲಿ ಹಣ್ಣನ್ನು ಕೆಡದ ಹಾಗೆ ಮುಟ್ಟಿಸು. ಮುಟ್ಟಿಸಿದರೆ ಏಳು ಕಟ್ಟೆಯನ್ನೂ ಎತ್ತಿಸಿಬಿಡ್ತೀನಿ. ಇಲ್ಲದಿದ್ದರೆ ಹೆಂಡತಿ ಮಕ್ಕಳ ಜೊತೆ ರಾಜ್ಯ ಬಿಡು."

"ಆಗಲಿ" ಅಂದುಬಿಟ್ಟ ಮಾಬಲಯ್ಯ.

ರಾಜ ನಿಟ್ಟುಸಿರಿಟ್ಟ. "ಕಟ್ಟೆಗಳ ಕಟ್ಟಳೆ ನಮ್ಮ ಮುತ್ತಜ್ಜ ಮಾಡಿದ್ದು. ನಿಲ್ಲಿಸೋದೂ ಬಿಡೋದೂ ಹೆಗ್ಗಡೆಯ ಕೈಯಲ್ಲಿ. ನಾನು ಬಾಯಿ ಹಾಕೋ ಹಾಗಿಲ್ಲವಯ್ಯ."

ಮಾಬಲಯ್ಯ ಮನೆಗೆ ಬಂದರೆ ಹೆಂಡತಿ ನಾಗಮ್ಮ ಬಾಗಿಲಲ್ಲೇ ನಿಂತಿದ್ದಳು. "ರಾಜ್ಯ ಬಿಡೋದು ಸರಿ, ಒರಳುಕಲ್ಲು ಹೊರೋರು ಯಾರು? ನೀವೋ, ನಿಮ್ಮ ನಾಲಗೆಯೋ?"

"ಒರಳು ಅಲ್ಲೇ ಇರಲಿ ಮಾರಾಯ್ತಿ" ಅಂದವನು ತೋಟಕ್ಕೆ ಹೋದ. ಮರಮರ ಹತ್ತಿ ಹಲಸುಗಳನ್ನು ತಟ್ಟಿ, ಕಿವಿಗೊಟ್ಟು, ನಾಲ್ಕು ದಿನಕ್ಕೆ ಸರಿಯಾಗಿ ಹಣ್ಣಾಗೋ ಒಂದನ್ನು ಕೊಯ್ದ. ಹೆಗಲ ಮೇಲಿಟ್ಟುಕೊಂಡು ನೆಟ್ಟಗೆ ಪರಮಯ್ಯನ ಜಗಲಿಗೆ ನಡೆದ.

"ಹೆಗ್ಗಡೇರೆ, ಕೈಮುಗಿದು ಒಂದು ಉಪಕಾರ ಕೇಳ್ತೀನಿ."

"ಬೇಗ ಬಿಡಿ ಅಂತೀಯ. ಬಿಡೋದಿಲ್ಲ."

"ಬೇಗ ಬಿಟ್ಟರೆ ನಾನು ಕೆಟ್ಟೆ! ಇದು ಶುದ್ಧ ಕಾಯಿ. ಹಣ್ಣಾಗೋಕೆ ಹದಿನೆಂಟು ದಿನ ಬೇಕು. ದಾರಿ ಎರಡು, ನಿಮ್ಮ ಕಟ್ಟೆಗಳಲ್ಲಿ ಹದಿನಾಲ್ಕು, ಹಡಗಿನಲ್ಲಿ ಎರಡು. ಇಳಿಸೋ ಹೊತ್ತಿಗೆ ಘಮ್ ಅನ್ನುತ್ತೆ. ನಿಮ್ಮ ತಡವೇ ನನಗೆ ಕಾಯಿ ಮಾಗಿಸೋ ಹುಲ್ಲಿನ ಮೆದೆ ಇದ್ದ ಹಾಗೆ. ದಯವಿಟ್ಟು ಒಂದು ಕಟ್ಟೆಯನ್ನೂ ತಪ್ಪಿಸಬೇಡಿ. ಮುಳ್ಳನ್ನ ಮೂರು ಸಲ ಎಣಿಸಲಿ, ನಂದೇನೂ ತಕರಾರಿಲ್ಲ."

ಪರಮಯ್ಯ ಹಲಸನ್ನು ನೋಡಿದ. ಪಾಪ, ಅವನಿಗೇನು ಗೊತ್ತು. ಹೆಂಡತಿ ಕೈಗೆ ಎಣ್ಣೆ ಹಚ್ಚಿಕೊಂಡು ಬಿಡಿಸಿ, ಜೇನಲ್ಲಿ ಅದ್ದಿ ಕೊಟ್ಟ ತೊಳೆ ತಿಂದವನೇ ಹೊರತು ಹಲಸನ್ನು ತಟ್ಟಿ ನೋಡಿದವನಲ್ಲ. ಹೊರಗೆ ಹಸಿರು ಕಂಡಿತು. ಬೆರಳಿಟ್ಟ, ಚುಚ್ಚಿತು.

"ಕಾಯೇ ಸರಿ" ಅಂದ. "ಹೋಗು, ಕಟ್ಟಳೆ ಪ್ರಕಾರವೇ ಆಗುತ್ತೆ."

ಮಾಬಲಯ್ಯ ಬೆನ್ನು ತಿರುಗಿಸಿದ್ದೇ ತಡ, ಪರಮಯ್ಯನ ಅಪ್ಪಣೆ ಹೊತ್ತು ಏಳು ಕುದುರೆ ಏಳು ಕಟ್ಟೆಗೆ ಓಡಿದವು. "ಆ ಹಲಸಿನ ಹೇರು ಎಲ್ಲೂ ನಿಲ್ಲಕೂಡದು. ಎತ್ತು ನಿಂತರೆ ಬಾಲ ಹಿಂಡಿ."

ಮೊದಲನೇ ಕಟ್ಟೆಯಲ್ಲಿ ಮಾಬಲಯ್ಯ ನೆಲಕ್ಕೇ ಕೂತ. "ಒಂದು ಸಲ ತೂಗಿ ಸ್ವಾಮಿ."

"ನಡಿ, ನಡಿ."

ಎರಡನೆಯದರಲ್ಲಿ, "ಹತ್ತು ಮುಳ್ಳಾದರೂ ಎಣಿಸ್ರಪ್ಪ."

"ಮುಳ್ಳು ಎಲ್ಲಾ ಸರಿ ಇದೆ, ಹೊರಡು."

ನಾಲ್ಕನೆಯವರಿಗೆ ಹಣ್ಣನ್ನು ಮೂಗಿಗೇ ಹಿಡಿದ. ಅವರು ಮೂಗು ಮುಚ್ಚಿಕೊಂಡು ಎತ್ತನ್ನು ತಳ್ಳಿದರು. ಏಳನೇ ಕಟ್ಟೆಯಲ್ಲಂತೂ ಅವನು ಕಂಬ ತಬ್ಬಿಕೊಂಡು ಅತ್ತ. ಕಟ್ಟೆಯವರಿಗೆ ರೇಗಿಹೋಗಿ, ಹಲಸನ್ನೂ ಅವನನ್ನೂ ಜೊತೆಗೆ ಎತ್ತನ್ನೂ ಹೊತ್ತುಕೊಂಡು ಹೋಗಿ ಹಡಗಿಗೆ ಹಾಕಿದರು.

ನಾಲ್ಕನೇ ದಿನ ಹಡಗು ದ್ವೀಪ ಮುಟ್ಟುವ ಮೊದಲೇ ಘಮಲು ಮುಟ್ಟಿತು. ಪದುಮಲೆ ಯಾರಿಗೂ ಒಂದು ತೊಳೆ ಕೊಡಲಿಲ್ಲ, ಗಂಡನಿಗೂ.

ಮಾಬಲಯ್ಯ ವಾಪಸು ಬಂದು ಅವಳ ಓಲೆ ಕೊಟ್ಟ. ರಾಜ ಸಭೆಯಲ್ಲೇ ಓದಿದ: "ಅಪ್ಪಾಜಿ, ಹಣ್ಣು ಜೇನಿನ ಹಾಗಿತ್ತು. ಎತ್ತು ಯಾಕೆ ಕಳಿಸಿದಿರಿ, ಗೊತ್ತಾಗಲಿಲ್ಲ."

ಪರಮಯ್ಯನ ಮುಖ ಬಿಳಿಚಿಕೊಂಡಿತು. "ಹದಿನೆಂಟು ದಿನ ಬೇಕು ಅಂದಿದ್ದನಲ್ಲ, ಪ್ರಭು!"

"ಅದಿರಲಿ" ಅಂದ ರಾಜ, ಮಾಬಲಯ್ಯನ ಕಡೆ ತಿರುಗಿ. "ನನ್ನ ಮಾತಿಗೇ ಬಿಡದ ಕಟ್ಟೆಯವರು ನಿನ್ನನ್ನ ಹೇಗಯ್ಯ ಬಿಟ್ಟರು?"

ಮಾಬಲಯ್ಯ ತಲೆ ಕೆರೆದುಕೊಂಡ. "ಮಹಾಪ್ರಭು, ನಮ್ಮ ಕಟ್ಟೆಗಳಲ್ಲಿ ಬೇಡಿಕೊಂಡದ್ದೊಂದು ಬಿಟ್ಟು ಬೇರೆಲ್ಲ ಆಗುತ್ತೆ. ಅದಕ್ಕೇ, ತಡಮಾಡಿ ಅಂತ ಬೇಡಿಕೊಂಡೆ."

ರಾಜ ನಕ್ಕು ನಕ್ಕು ಕಿರೀಟ ಜಾರಿ ಮಂತ್ರಿಯ ತೊಡೆಗೆ ಬಿತ್ತು.

ಆಮೇಲೆ ಏಳು ಕಟ್ಟೆಯೂ ಹೋದವು. ಅರಮನೆಯಲ್ಲಿ ಒಂದೇ ಪೆಟ್ಟಿಗೆ, ಒಂದೇ ಮುದ್ರೆ. ಬಿಚ್ಚೋದು ಕಡಲಾಚೆ, ಸರಕು ಸೇರಬೇಕಾದವರ ಕೈಯಲ್ಲೇ. ಆ ಕೆಲಸಕ್ಕೆ ಮಾಬಲಯ್ಯನೇ ಯಜಮಾನನಾದ. ನಾಗಮ್ಮನಿಗೆ ಅರಮನೆಯಿಂದ ಸೀರೆ ಬಂತು, ಬಣ್ಣ ಹಿಡಿಸಲಿಲ್ಲ ಅಂತ ಆಕೆ ಬದಲಾಯಿಸಿಕೊಂಡು ಬಂದಳು. ಪದುಮಲೆ ಹೆಣ್ಣು ಮಗು ಹೆತ್ತಳು, ಗುಂಡುಗುಂಡಾಗಿತ್ತಂತೆ. ಎತ್ತು ದ್ವೀಪದಲ್ಲೇ ಉಳಿಯಿತು. ಅಲ್ಲಿನವರು ಎತ್ತನ್ನೇ ಕಂಡಿರಲಿಲ್ಲ, ದೊಡ್ಡ ವಿದ್ವಾಂಸ ಅಂದುಕೊಂಡು ಶಾಲು ಹೊದೆಸಿದರು.

ಪರಮಯ್ಯನೋ? ಮಾವನ ಊರಿಗೆ ಹೋಗಿ ಜಾತಕ ಕೂಡಿಸೋ ಕೆಲಸಕ್ಕೆ ಕೂತ. ಆ ಊರಲ್ಲಿ ಹನ್ನೊಂದು ವರ್ಷ ಒಂದು ಮದುವೆಯೂ ಆಗಲಿಲ್ಲ.