ತಿಪ್ಪೇಶನ ಮುಕ್ಕೋಣ ಸೂರು

ನಂಬಲ್ಲ ಅನ್ನೋರು ಈಗಲೇ ಎದ್ದು ಹೋಗಿ, ಅಡ್ಡಿಯಿಲ್ಲ! ನಷ್ಟ ನಿಮಗೇ. ಪೆದ್ದರು ಎಲ್ಲಾ ಊರಲ್ಲೂ ಇರ್ತಾರೆ, ಆದರೆ ನಮ್ಮೂರ ತಿಪ್ಪೇಶನ ಮುಂದೆ ನಿಮ್ಮೂರಿನವರೆಲ್ಲ ಪಂಡಿತರು!

ಅವನ ಅವ್ವ ಬೋರಕ್ಕ. ಮಗನಿಗೆ ಬುದ್ಧಿ ಹೇಳಿ ಹೇಳಿ ಅವಳ ದನಿಯೇ ಸವೆದಿತ್ತು. ಮನೆಗೆ ಗೋಡೆ ಇತ್ತು, ಸೂರಿಲ್ಲ. ಹಳೇ ತಗಡು ಗಾಳಿಗೆ ಹಾರಿಹೋಗಿತ್ತು. ಊರಾಚೆ ಗೂಳಪ್ಪ ಮೇಸ್ತ್ರಿ ಸೂರಿಗೆ ಫೈಬರ್ ಹಲಗೆ ಮಾಡ್ತಿದ್ದ. ಎಲ್ಲಾ ಮುಕ್ಕೋಣ, ಎಲ್ಲಾ ಒಂದೇ ಅಚ್ಚಿನವು. ಬೋಲ್ಟು ಹಾಕಿ ಜೋಡಿಸಿದರೆ ಶಾಲೆಗೂ ಸೈ, ಕೊಟ್ಟಿಗೆಗೂ ಸೈ.

"ಮಗನ್ನ ಕೆಲಸಕ್ಕೆ ಕಳಿಸು ಬೋರಕ್ಕಾ. ಮಳೆ ಹಿಡಿಯೋದರೊಳಗೆ ನಿನ್ನ ಮನೆಗೂ ಹಲಗೆ ಕೊಡ್ತೀನಿ" ಅಂದ.

ಕಳಿಸಿದಳು.

"ಲೋ ತಿಪ್ಪೇಶ, ಕೊಟ್ಟಿಗೆ ಸೂರಿಗೆ ಹಲಗೆ ತಾ. ಆರಿಸ್ತಾ ಕೂರಬೇಡ, ಎಲ್ಲಾ ಒಂದೇ!"

ತಿಪ್ಪೇಶ ಒಂದು ತಂದ.

"ಮಿಕ್ಕಿದ್ದೆಲ್ಲೋ?"

"ಎಲ್ಲಾ ಒಂದೇ ಅಂದ್ರಲ್ಲ ಮೇಸ್ತ್ರಿ! ಇದೇ ಆ ಒಂದು!"

ಸಂಜೆ ಮನೇಲಿ ಇದನ್ನ ಕೇಳಿ ಬೋರಕ್ಕ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನಪ್ಪಾ! ಒಂದಕ್ಕೊಂದು ಜೋಡಿಸಬೇಕು ಕಣೋ. ಒಂದು ಅಂಚೂ ಬರಿದು ಬಿಡಬಾರದು!"

"ಆಯ್ತವ್ವಾ!"

ಮಾರನೇ ದಿನ ಒಂದು ಹಲಗೆ ಹಾಸಿ ಅದರ ಮೇಲೆ ಕೂತ. ಮೂರಂಚಿಗೂ ಮೂರು ಹಲಗೆ ನಿಲ್ಲಿಸಿದ, ಮೇಲೆ ತುದಿ ಕೂಡಿಸಿದ, ಒಳಗಿಂದಲೇ ಬೋಲ್ಟು ಬಿಗಿದ. ಒಂದು ಅಂಚೂ ಬರಿದಿಲ್ಲ! ಆಳೂ ಕಾಣಲ್ಲ!

"ತಿಪ್ಪೇಶಾ! ಎಲ್ಲಿ ಹಾಳಾಗಿ ಹೋದ್ಯೋ?"

"ಇಲ್ಲೇ ಮೇಸ್ತ್ರಿ, ಸೂರೊಳಗೆ!"

ಗರಗಸದಲ್ಲಿ ಕುಯ್ದು ಈಚೆ ಎಳೆದರು.

"ಮನುಷ್ಯ ಅಂದಮೇಲೆ ಈಚೆ ಬರೋಕೆ ದಾರಿ ಬಿಟ್ಕೋಬೇಡ್ವೇನೋ?" ಅಂದಳು ಬೋರಕ್ಕ ಆ ಸಂಜೆ, ಮನೇಲಿ ಕೂತಲ್ಲಿಂದಲೇ.

"ಆಯ್ತವ್ವಾ!"

ಆಮೇಲೆ ಅಂಗನವಾಡಿ ಸೂರು. ಐದು ಹಲಗೆ ತುದಿ ಕೂಡಿಸಿದರೆ ಕೊಡೆಯಂಥ ಸೂರಾಗ್ತದೆ. ತಿಪ್ಪೇಶ ನಾಕೇ ಹಾಕಿ, ಐದನೇದರ ಜಾಗಕ್ಕೆ ಏಣಿ ಒರಗಿಸಿದ.

"ಇದೇನೋ ಕಿಂಡಿ?"

"ದಾರಿ ಮೇಸ್ತ್ರಿ!"

"ನಿಮ್ಮ ಮನೆ ಹಲಗೆ ತಗೊಂಡು ತೊಲಗು ಮಾರಾಯಾ! ಅಳತೆಗೆ ಸರಿಯಾಗಿದೆ, ಒಂದೂ ಹೆಚ್ಚು ಕೊಡಲ್ಲ!"

ಗಾಡಿ ತುಂಬ ಹಲಗೆ ಬಂತು. ಬೋರಕ್ಕನಿಗೆ ಬಯ್ಯೋಕೂ ಉಸಿರಿರಲಿಲ್ಲ. "ಮಗಾ, ಕೆಳಗೆ ನಿಂತು ಮೇಲೆ ನೋಡು. ಎಲ್ಲಿ ಆಕಾಶ ಕಾಣ್ತದೋ ಅಲ್ಲಿಗೆ ಹಲಗೆ ಹಾಕು. ಅಷ್ಟೇ." ಅಂದು ಹುಲ್ಲು ಕೊಯ್ಯೋಕೆ ಹೋದಳು.

ಸಂಜೆ ಬಂದು ನೋಡ್ತಾಳೆ, ಮನೆ ಬೋಳು! ಹಲಗೆಯೆಲ್ಲಾ ಅಂಗಳಕ್ಕೆ ಸೂರಾಗಿ ಕೂತಿವೆ!

"ಮನೆಗೇ ಹಾಕಿದ್ದೆ ಅವ್ವಾ! ಅಂಗಳಕ್ಕೆ ಬಂದ್ರೆ ಆಕಾಶ ಕಾಣ್ತು, ಕಿತ್ತು ಇಲ್ಲಿಗೆ ಹಾಕ್ದೆ. ಒಳಗೆ ಹೋದ್ರೆ ಅಲ್ಲೂ ಆಕಾಶ! ಬೆಳಗಿಂದ ಇದೇ ಕೆಲಸ!"

ಮೋಡ ಗುಡುಗಿತು. ಬೋರಕ್ಕ ಒಂದು ಹಲಗೆ ತೆಗೆದು ಅವನ ತಲೆ ಮೇಲಿಟ್ಟಳು.

"ಈಗ ಕಾಣ್ತದಾ?"

"ಇಲ್ಲವ್ವಾ!"

"ಹಂಗೇ ಹಿಡ್ಕೊಂಡಿರು." ಅಕ್ಕಪಕ್ಕದವರನ್ನ ಕೂಗಿ ಮಿಕ್ಕಿದ್ದನ್ನೆಲ್ಲ ಮನೆಗೆ ಹಾಕಿಸಿದಳು. ಒಂದು ಕಮ್ಮಿ ಬಿತ್ತು. ಸರಿಯಾಗಿ ಅವಳ ಚಾಪೆಯ ಮೇಲೆಯೇ ಮುಕ್ಕೋಣದ ಕಿಂಡಿ. ಮಳೆ ಶುರುವಾಯ್ತು.

"ಆ ಹಲಗೆ ಕೊಡೋ!"

"ಕೊಟ್ರೆ ಆಕಾಶ ಕಾಣ್ತದಲ್ಲವ್ವಾ!"

ಬೋರಕ್ಕ ಚಾಪೆ ಪಕ್ಕಕ್ಕೆ ಎಳೆದು, ಅವನನ್ನೇ ಕಿಂಡಿ ಕೆಳಗೆ ನಿಲ್ಲಿಸಿ, ಗೋಡೆ ಕಡೆ ತಿರುಗಿ ಮಲಗಿದಳು.

ಅಷ್ಟೆಲ್ಲಾ ದುಡಿದ ತಿಪ್ಪೇಶನಿಗೆ ಕೊನೆಗೆ ಸಿಕ್ಕಿದ್ದು ಒಂದು ಹಲಗೆ.