ಐದನ್ನು ತಡೆದ ಗೋಡೆ

ಬೆಳಗಿನ ಎಂಟು ಗಂಟೆ. ಆಕಾಶ ನಿರ್ಮಲ, ಗಾಳಿ ಮಂದ. ಭೂಕಂಪ ಅಳೆಯುವ ಕೇಂದ್ರದ ಅಂಗಳದಲ್ಲಿ ಹಾಜರಿದ್ದವರು ನಾಲ್ವರು: ಹಳೆಯ ಗೋಡೆ, ಕಂಪನದ ಗೆರೆ ಬರೆಯುವ ಮುಳ್ಳು, ಇಟ್ಟಿಗೆ ಹೊತ್ತು ತಂದ ಕತ್ತೆ ಮತ್ತು ಮೊಟ್ಟೆ ಇಡಲು ಜಾಗ ಹುಡುಕುತ್ತಿದ್ದ ಗುಬ್ಬಿ.

“ಗೋಡೆಯಣ್ಣ, ನಿನ್ನ ಬಿರುಕಿನಲ್ಲಿ ಗೂಡು ಕಟ್ಟಬಹುದೇ?” ಎಂದು ಗುಬ್ಬಿ ಕೇಳಿತು.

“ಧಾರಾಳವಾಗಿ ಕಟ್ಟು. ಹೋದ ತಿಂಗಳು ಕಾಲಡಿಯಲ್ಲೇ ರಿಕ್ಟರ್ ಮಾಪಕದಲ್ಲಿ ಐದರ ಭೂಕಂಪವಾಯಿತು, ನಾನು ಬೀಳಲಿಲ್ಲ. ಆರು ಬಂದರೂ ಹೆಚ್ಚಾಗುವುದು ಒಂದೇ. ಆದ್ದರಿಂದ ಆಸರೆಗೆಂದು ತಂದ ಈ ಇಟ್ಟಿಗೆಗಳೂ ನನಗೆ ಬೇಡ.”

ಮುಳ್ಳು ತಿದ್ದಿತು: “ಒಂದು ಅಂಕಿ ಏರಿದರೆ ನನ್ನ ಗೆರೆ ಹತ್ತು ಪಟ್ಟು ಏರುತ್ತದೆ. ನೆಲ ಹೊರಹಾಕುವ ಶಕ್ತಿ ಸುಮಾರು ಮೂವತ್ತೆರಡು ಪಟ್ಟು.”

“ಬರೆಯುವವರಿಗೆ ಎಲ್ಲವೂ ದೊಡ್ಡದೇ,” ಎಂದಿತು ಗೋಡೆ. “ಐದಾದ ಮೇಲೆ ಆರು. ಎಣಿಕೆ ಕಲಿತವರಿಗೆಲ್ಲ ಇದು ಗೊತ್ತು.”

ಕತ್ತೆ ನಿಧಾನವಾಗಿ ನುಡಿಯಿತು: “ನಿನ್ನೆ ಒಂದು ಇಟ್ಟಿಗೆ ಹೊರಿಸಿದ ಯಜಮಾನ ಇಂದು ಮೂವತ್ತೆರಡು ಹೊರಿಸಿ, ‘ಒಂದೇ ಮೆಟ್ಟಿಲು ಏರಿಸಿದ್ದೇನೆ’ ಎಂದ. ನಿನ್ನ ಲೆಕ್ಕದಲ್ಲಿ ಅವನ ಮಾತು ಸರಿ. ನನ್ನ ಬೆನ್ನು ಮಾತ್ರ ಒಪ್ಪುತ್ತಿಲ್ಲ.”

ಗೋಡೆ ನಕ್ಕಿತು. ನಕ್ಕ ರಭಸಕ್ಕೆ ಒಂದು ಹಿಡಿ ಗಾರೆ ಉದುರಿತು.

ಗುಬ್ಬಿ ತೀರ್ಪು ಹೇಳಿತು: “ಗೋಡೆಯಣ್ಣ, ನಿನ್ನ ಧೈರ್ಯವನ್ನು ನಂಬಿ ನಾನು ಇಲ್ಲಿ ಕೂರಬಲ್ಲೆ, ಏಕೆಂದರೆ ನನಗೆ ರೆಕ್ಕೆಯಿದೆ. ಮೊಟ್ಟೆಗಿಲ್ಲ.”