ಸೀರೆಗಳಡಿಯ ಇನ್ಹೇಲರ್

ಉಬ್ಬಸವಿದ್ದ ಚಂಪಾ, ಅತ್ತೆ ಏನೆಂದುಕೊಂಡಾಳೋ ಎಂದು ಇನ್ಹೇಲರನ್ನು ಸೀರೆಗಳಡಿ ಬಚ್ಚಿಟ್ಟಿದ್ದಳು. ದಿನವೂ ಸೇದಬೇಕಾದದ್ದನ್ನು ಮನೆಯಲ್ಲಿ ಯಾರೂ ಇಲ್ಲದಾಗಷ್ಟೇ ಸೇದುತ್ತಿದ್ದಳು. ಒಂದು ದಿನ ಮೆಣಸಿನಕಾಯಿ ಹುರಿಯುವಾಗ ಉಸಿರು ಕಟ್ಟಿ ಬಿದ್ದುಬಿಟ್ಟಳು. ಗಂಡ ಸೀರೆಗಳನ್ನು ಬಾಚಿ ಚೀಲಕ್ಕೆ ತುಂಬಿ, ಅವಳನ್ನು ಆಸ್ಪತ್ರೆಗೆ ಸೇರಿಸಿದ; ಅತ್ತೆಯೂ ಜೊತೆಗೆ ಬಂದಳು. ಇನ್ಹೇಲರೂ ಚೀಲದೊಳಗೆ ಬಂತು.

ಅವಳ ಮುಖಕ್ಕೆ ಔಷಧದ ಹಬೆ ಬಿಡುತ್ತಿದ್ದ ನೆಬ್ಯುಲೈಸರ್ ಇನ್ಹೇಲರನ್ನು ಗದರಿತು: "ಮನೆಯಲ್ಲೇ ಇದ್ದೆಯಲ್ಲ, ಏನು ಮಾಡುತ್ತಿದ್ದೆ?"

"ನನ್ನನ್ನು ಹೊರಗೆ ತೆಗೆಯಲು ಅಂಜುತ್ತಿದ್ದಳು," ಎಂದಿತು ಇನ್ಹೇಲರ್. "ನೀನು ಬಲಶಾಲಿ, ಹೇಗಾದರೂ ಉಳಿಸು."

"ನನ್ನನ್ನು ಕರೆದದ್ದು ತಡವಾಯಿತು," ಎಂದಿತು ನೆಬ್ಯುಲೈಸರ್.

ಚೀಲ ತಡಕಿದ ಅತ್ತೆಯ ಕೈಗೆ ಇನ್ಹೇಲರ್ ಸಿಕ್ಕಿತು. "ನನಗೊಂದು ಮಾತು ಹೇಳಬಾರದಿತ್ತೇನೇ, ಮಗಳೇ!" ಎನ್ನುತ್ತ ಅದನ್ನು ಸೊಸೆಯ ಬಾಯಿಗಿಟ್ಟು ಒತ್ತಿದಳು. ಇನ್ಹೇಲರ್ ತನ್ನಲ್ಲಿದ್ದುದನ್ನೆಲ್ಲ ಕೊಟ್ಟಿತು. ಒಳಗೆಳೆದುಕೊಳ್ಳಲು ಅವಳಲ್ಲಿ ಉಸಿರಿರಲಿಲ್ಲ.